ಮೂಳೆ ಕಟ್ಟುವವರ ಮಗಳು

ನಮ್ಮಪ್ಪ ಕುಣಿಗಲ್‌ನಲ್ಲಿ ಮೂಳೆ ಕಟ್ಟುವವರು. ಉಳುಕಿದ ಬೆರಳು, ಜಾರಿದ ಕೀಲು, ಮುರಿದ ಮಣಿಕಟ್ಟು ಎಲ್ಲವೂ ನಮ್ಮ ಜಗಲಿಗೇ ಬರುತ್ತಿದ್ದವು. ಹರಳೆಣ್ಣೆ ಸವರಿ, ಕಣ್ಣು ಮುಚ್ಚಿ, ಒತ್ತಿ ನೋಡುವರು. ಕೀಲು ಜಾರಿದ್ದರೆ ಒಂದೇ ಎಳೆತಕ್ಕೆ ಲಟಕ್ಕೆಂದು ಕೂರುತ್ತಿತ್ತು. ಮುರಿದಿದ್ದರೆ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಬಳಿದು ಬಿದಿರಿನ ದಬ್ಬೆ ಕಟ್ಟುವರು.

ಹೈಸ್ಕೂಲಿನ ಕೊನೆಯ ವರ್ಷ ಥ್ರೋಬಾಲ್ ಆಡುವಾಗ ನನ್ನ ಬಲಗೈ ಹೆಬ್ಬೆರಳಿಗೆ ಚೆಂಡು ಬಡಿದು ಬುಡವೆಲ್ಲ ಊದಿತು. ಜಗಲಿ ತುಂಬ ಜನ. ಅಪ್ಪ ಒತ್ತಿ ನೋಡಿ, "ಕೀಲು ಜಾರೈತೆ ಅಷ್ಟೇ ಕಣವ್ವ" ಎಂದು ಎಳೆದರು. ಲಟಕ್ಕೆನ್ನಲಿಲ್ಲ. ಮತ್ತೆ ಎಳೆದರು. ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿತು. ತುಮಕೂರಿನಲ್ಲಿ ಎಕ್ಸ್‌ರೇ ತೆಗೆಸಿ ಎಂದು ನಮ್ಮ ಟೀಚರ್ ಮನೆಗೇ ಬಂದು ಹೇಳಿದರು. ಅವರು ಹೋದ ಮೇಲೆ ಅಪ್ಪ, "ಅಲ್ಲಿಗೋದ್ರೆ ಬೆರಳೇ ಕತ್ತರಿಸ್ಬುಡ್ತಾರೆ. ನಾನಿಲ್ವಾ?" ಎಂದರು. ನಂಬಿದೆ. ಮತ್ತೆ ಕೇಳಿದ ಟೀಚರಿಗೆ ನಾನೇ ಬೇಡವೆಂದೆ, ಪೆದ್ದಿ.

ಹೆಬ್ಬೆರಳು ಸೆಟೆದುಕೊಂಡು ಹಾಗೇ ಉಳಿಯಿತು. ಪೆನ್ನು ಹಿಡಿದರೆ ಜಾರುತ್ತಿತ್ತು. ಪರೀಕ್ಷೆಯಲ್ಲಿ ಅರ್ಧವೂ ಬರೆಯಲಾಗದೆ ಫೇಲಾದೆ. ಟೀಚರ್ ಆಗುವ ಆಸೆಗೆ ಅಲ್ಲೇ ಎಳ್ಳುನೀರು ಬಿಟ್ಟೆ. "ಹಣೇಲಿ ಬರೆದಿಲ್ಲ ಬುಡು" ಎಂದರು ಅಪ್ಪ.

ಮೂರು ವರ್ಷದ ಮೇಲೆ, ಗುಬ್ಬಿಯ ನೆಂಟರ ಮನೆಗೆಂದು ಹೊರಟ ಅಪ್ಪ ವಾರವಾದರೂ ಬರಲಿಲ್ಲ. ಹೆರಿಗೆಯಾಗಿದ್ದ ಗೆಳತಿಯನ್ನು ನೋಡಲು ನಾನು ತುಮಕೂರಿನ ಆಸ್ಪತ್ರೆಗೆ ಹೋದರೆ, ಹೊರಗಿನ ಬೆಂಚಿನ ಮೇಲೆ ಅಪ್ಪ! ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಹಿಂದಿನ ದಿನ ಗುಬ್ಬಿಯಲ್ಲಿ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದಿತ್ತಂತೆ. ಅದೇ ದಿನ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದರಂತೆ.

"ನಿನ್ ಕೈ ಕತ್ತರಿಸ್ಲಿಲ್ವಾ ಅಪ್ಪಾ?"

"ಮೆತ್ತಗೆ ಮಾತಾಡವ್ವ. ಇದು ಕಸುಬಿನ ಕೈ. ಇದು ಹೋದ್ರೆ ಸಂಸಾರ ನಡೀತದಾ?" ಎಂದವರು ಆಚೀಚೆ ನೋಡಿದರು. "ನಿನ್ ಬೆರಳು ಮುರಿದೈತೆ ಅಂತ ಎರಡ್ನೇ ಸಲ ಎಳೆದಾಗ್ಲೇ ಗೊತ್ತಾಯ್ತು. ಅಷ್ಟರಲ್ಲಿ ಕೀಲು ಅಂತ ಎಲ್ಲರ ಮುಂದೆ ಅಂದ್ಬುಟ್ಟಿದ್ದೆ. ಆಮೇಲೆ ದಬ್ಬೆ ಕಟ್ಟಿದ್ರೆ ಯಾರ್ ನಂಬ್ತಿದ್ರು ನನ್ನ? ಊರಲ್ಲಿ ಬಾಯ್ಬಿಡ್ಬೇಡ."

ಹೆತ್ತ ಅಪ್ಪನೇ ನನ್ನ ಕೈ ಬಲಿಕೊಟ್ಟು ತನ್ನ ಹೆಸರು ಉಳಿಸಿಕೊಂಡಿದ್ದ. ಗೆಳತಿಯನ್ನೂ ನೋಡದೆ ಕುಣಿಗಲ್ ಬಸ್ಸು ಹತ್ತಿದೆ.

ಮನೆ ಮುಂದೆ ಹೆಂಗಸೊಬ್ಬಳು ಊದಿದ ಕೈ ಹಿಡಿದು ಕಾಯುತ್ತಿದ್ದಳು. "ಯಜಮಾನ್ರು ಎಲ್ಲವ್ವ?"

"ತುಮಕೂರಿನ ಆಸ್ಪತ್ರೇಲವ್ರೆ. ಅವರ ಕೈ ಮುರಿದೈತೆ, ಡಾಕ್ಟ್ರು ಪ್ಲಾಸ್ಟರ್ ಹಾಕವ್ರೆ," ಎಂದೆ, ಬೀದಿಗೆಲ್ಲ ಕೇಳುವಂತೆ. "ನೀನೂ ಅಲ್ಲಿಗೇ ಹೋಗಕ್ಕ."