ಮಾವಶಿ ತೋಡಿದ ವರ್ತಿ

ಹೋದ ತಿಂಗಳು ನಮ್ಮ ಓಣಿಯ ಹಿಂದಿನ ಹಳ್ಳಕ್ಕೆ ಜೆಸಿಬಿ ಇಳಿಯಿತು. ಕೊಳಚೆ ಕಲಕಿದರೆ ಗಬ್ಬು ನಾತ ಬರುತ್ತದೆಂದು ನಾನು ಮೊದಲೇ ಸೆರಗನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. ಬಂದದ್ದು ನಾತವೇ. ಆದರೆ ಮೇಲಿನ ಕಪ್ಪು ರಾಡಿ ಸರಿದ ಮೇಲೆ ಅಡಿಯಿಂದ ಹಸಿ ಉಸುಕು ಎದ್ದಿತು. ಅದರ ತಣ್ಣನೆಯ ವಾಸನೆ ಬಂದದ್ದೇ ಸೆರಗು ಕೈಯಿಂದ ಜಾರಿತು. ಎದುರು ಮನೆಯ ಮಾವಶಿ ನೆನಪಾದಳು.

ಮಾವಶಿ ಅಂದರೆ ಚಿಕ್ಕವ್ವ, ಆದರೆ ನನಗೆ ಬಳಗದವಳಲ್ಲ. ನಾನು ಆಳಂದಕ್ಕೆ ಸೊಸೆಯಾಗಿ ಬಂದಾಗ ಇಡೀ ಓಣಿ ಆಕೆಯನ್ನು ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು. ಬಾಯಿ ಮಾತ್ರ ಜೋರು... ಮನೆಯ ಹಿತ್ತಲ ಬಾಗಿಲು ತೆಗೆದರೆ ಹಳ್ಳ. ಆ ಬಾಗಿಲಿನಲ್ಲಿ ನಿಂತು ಆಕೆ ಆಚೆ ದಂಡೆಯವರ ಜೊತೆ ಜಗಳವಾಡಿದರೆ ಈಚೆ ಓಣಿಯ ಕೊನೆಯ ಮನೆಗೂ ಪೂರ್ತಿ ಕೇಳಿಸುತ್ತಿತ್ತು.

ಹಳ್ಳ ಅಂದರೆ ದೊಡ್ಡದೇನಲ್ಲ. ಊರ ಮೇಲಿನ ಗರಸು ಮರಡಿಯಲ್ಲಿ ಹುಟ್ಟಿ, ತೊಗರಿ ಹೊಲಗಳ ನಡುವೆ ಇಳಿದು, ಸಡಕಿನ ಸೇತುವೆ ಕೆಳಗೆ ನುಸುಳಿ, ಅಂಗಡಿಗಳ ಬೆನ್ನಿಗೆ ಬೆನ್ನು ಕೊಟ್ಟು ನಮ್ಮ ಓಣಿಗೆ ಬರುತ್ತಿತ್ತು. ಮುಂದೆ ಎಲ್ಲೋ ಅಮರ್ಜಾ ಹೊಳೆ ಸೇರುತ್ತದೆ ಅನ್ನುತ್ತಿದ್ದರು, ನಾನು ಅಲ್ಲಿತನಕ ಹೋಗಿ ನೋಡಿಲ್ಲ. ನಾನು ಬಂದ ಹೊಸದರಲ್ಲಿ ದಂಡೆಗೆ ಲೆಕ್ಕಿ ಗಿಡಗಳಿದ್ದವು. ಮಳೆಗಾಲದಲ್ಲಿ ಎರೆಮಣ್ಣಿನ ಕಪ್ಪು ನೀರು, ಚಳಿಗಾಲಕ್ಕೆ ಅದೇ ನೀರು ತಿಳಿಯಾಗಿ ಬೆಳ್ಳಕ್ಕಿ ಇಳಿಯುತ್ತಿದ್ದವು. ಆಮೇಲೆ ಒಂದೊಂದೇ ಗಟಾರ ಅದಕ್ಕೆ ಬಾಯಿ ಇಟ್ಟಿತು. ಲೆಕ್ಕಿ ಹೋಗಿ ಬಳ್ಳಾರಿ ಜಾಲಿ ಬಂತು, ಅದರ ಮುಳ್ಳಿಗೆ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡು ವರ್ಷವಿಡೀ ಪಟಪಟ ಅನ್ನತೊಡಗಿದವು.

ಮಾವಶಿ ಮಾತ್ರ ಹಳ್ಳವನ್ನು ಬಿಡಲಿಲ್ಲ. ಬೇಸಿಗೆ ಬಂತೆಂದರೆ ಕಸ ಸರಿಸಿ, ಕೊಳಚೆಯ ಕಾಲುವೆಯಿಂದ ದೂರ ಎತ್ತರದ ಜಾಗ ನೋಡಿ, ಉಸುಕಿನಲ್ಲಿ ವರ್ತಿ ತೋಡುತ್ತಿದ್ದಳು. ಮೊಣಕೈ ಆಳದ ಗುಂಡಿ, ಅಷ್ಟೇ. ಮೊದಲು ಬರುವ ರಾಡಿ ನೀರನ್ನು ಕೊಬ್ಬರಿ ಚಿಪ್ಪಿನಿಂದ ಗೋರಿ ಚೆಲ್ಲಿ, ಸುಮ್ಮನೆ ಕೂತು ಕಾಯುತ್ತಿದ್ದಳು. ನಿಧಾನಕ್ಕೆ ಬುಡದಿಂದ ತಿಳಿನೀರು ಒಸರುತ್ತಿತ್ತು. ಮನೆಯಲ್ಲಿ ನಳ ಬಂದ ಮೇಲೂ ಚಹಾಕ್ಕೆ ಅದೇ ನೀರು. ನಾನು ಮುಖ ಕಿವಿಚಿದರೆ ಬೈಯುತ್ತಿದ್ದಳು.

"ಇದು ಹಳ್ಳದ ನೀರಲ್ಲ ಬೇ, ನೆಲದ ನೀರು. ಉಸುಕು ಸೋಸಿ ಕೊಟ್ಟದ್ದು."

ಮಗಳನ್ನು ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟಿದ್ದಳು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬಂದಳು, ಗಂಡು ಕೂಸು ಹುಟ್ಟಿತು. ಮಾವಶಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಕಡೆ ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಹೋಗುವುದು ನೀರಿಗೆ, ಗಂಗೆ ಪೂಜೆಗೆ. ಓಣಿಯವರೆಲ್ಲ ಆಗಲೇ ಅಂಗಳದ ನಳಕ್ಕೇ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ಮಾವಶಿ ಒಪ್ಪಲಿಲ್ಲ. ಬೆಳಿಗ್ಗೆಯೇ ಹೊಸ ವರ್ತಿ ತೋಡಿಟ್ಟಿದ್ದಳು. ನಾವು ಹೆಂಗಸರು ಹಾಡಿಕೊಂಡು ಹೋದೆವು, ಮಗಳು ದಂಡೆಯಲ್ಲಿ ಕಲ್ಲು ತೊಳೆದಿಟ್ಟು ಪೂಜಿಸಿ ಕೊಡ ತುಂಬಿಕೊಂಡು ಬಂದಳು. ಆ ನೀರಿನಲ್ಲಿ ಬೆರಳದ್ದಿ ಕೂಸಿನ ತುಟಿಗೆ ಮುಟ್ಟಿಸುವುದು ಆ ಮನೆಯ ಪದ್ಧತಿ. ಮುಟ್ಟಿಸಿದವಳು ಮಾವಶಿ. ಕೂಸು ಚಪ್ಪರಿಸಿತು, ನಾವೆಲ್ಲ ನಕ್ಕೆವು... ಆ ನಗು ಈಗ ನೆನಪಾದರೆ ನನಗೆ ತಡೆಯಲಾಗುವುದಿಲ್ಲ.

ಎರಡು ದಿನ ಕಳೆಯುವುದರೊಳಗೆ ಕೂಸು ಮೊಲೆ ಹಿಡಿಯದಾಯಿತು. ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಹೋಗುತ್ತಿತ್ತು, ತುಟಿ ನೀಲಿಗಟ್ಟಿತು. ನೀರಿನ ನಂಜು ಅಂದರು ನೋಡಿದವರು. ಇಜೇರಿಯಿಂದ ಅಳಿಯ ಓಡಿ ಬಂದು ಮಗು, ತಾಯಿ ಇಬ್ಬರನ್ನೂ ಕಲಬುರಗಿಯ ಆಸ್ಪತ್ರೆಗೆ ಒಯ್ದ. ಗಾಡಿ ಹತ್ತಲು ಹೋದ ಮಾವಶಿಯನ್ನು, "ನೀವು ಮಾಡಿದ್ದು ಸಾಕ್ರಿ, ಕೆಳಗ ಇಳೀರಿ" ಎಂದು ಇಳಿಸಿದ. ಅಷ್ಟು ಬಾಯಿ ಜೋರಿನವಳು ಇಳಿದಳು. ಕೂಸು ಅಲ್ಲೇ ತೀರಿಕೊಂಡಿತು. ಮಣ್ಣು ಕೊಟ್ಟದ್ದು ಇಜೇರಿಯಲ್ಲಿ. ಮಾವಶಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

ಮಗಳು ಆಮೇಲೆ ತವರಿಗೆ ಬರಲಿಲ್ಲ. ಪಂಚಮಿಗೆ ಕರೆ ಕಳಿಸಿದರೆ ಇಲ್ಲ, ದೀಪಾವಳಿಗೆ ಇಲ್ಲ. ಫೋನ್ ಮಾಡಿದರೆ ಅಳಿಯ ಎತ್ತಿ, ಆಕೆ ಕೆಲಸದಲ್ಲಿದ್ದಾಳೆ ಎಂದು ಇಟ್ಟುಬಿಡುತ್ತಿದ್ದ. ಓಣಿಯಲ್ಲಿ ಎರಡು ಮಾತಿರಲಿಲ್ಲ, ಹಳ್ಳದ ನೀರು ಕೂಸನ್ನು ತಿಂದಿತು, ಮುದುಕಿ ಕೈಯಾರೆ ಕುಡಿಸಿದಳು. ಹಳ್ಳ ಮುಚ್ಚಿಸಬೇಕೆಂಬ ಕೂಗು ಎದ್ದದ್ದೂ ಆಗಲೇ. ಅದಕ್ಕೆ ಇಷ್ಟು ವರ್ಷ ಹೊಲಸು ಬಿಟ್ಟವರು ನಾವೇ ಎಂಬುದನ್ನು ಯಾರೂ ಎತ್ತಲಿಲ್ಲ.

ಮಾವಶಿ ಬೆಳಗಾದರೆ ಹಳ್ಳಕ್ಕಿಳಿದು ಬಿಡುತ್ತಿದ್ದಳು. ಸೀರೆ ಎತ್ತಿ ಕಟ್ಟಿ, ಬರಿಗೈಯಲ್ಲಿ ಪ್ಲಾಸ್ಟಿಕ್ ಬಾಚುವಳು, ಜಾಲಿ ಕಡಿಯುವಳು. ಕಸ ಚೆಲ್ಲಲು ಬಂದವರ ಕೈ ಹಿಡಿದು, "ನನ್ನ ಮಗಳು ಬರಾಕಿದ್ದಾಳ, ಚೆಲ್ಲಬ್ಯಾಡ್ರಿ" ಎಂದು ಬೇಡಿಕೊಳ್ಳುವಳು. ಬೈಯುತ್ತಿದ್ದ ಹೆಂಗಸು ಬೇಡುವುದನ್ನು ನೋಡಲಾಗುತ್ತಿರಲಿಲ್ಲ. ಇವಳು ಬಾಚಿದಷ್ಟೂ ಮರುದಿನ ಮತ್ತೆ ತುಂಬಿರುತ್ತಿತ್ತು. ನಳದ ನೀರನ್ನು ಆಕೆ ಪೂರ್ತಿ ಬಿಟ್ಟಳು. ವರ್ತಿಯ ನೀರೇ, ಅದೂ ಕಾಯಿಸದೆ. ರಾಡಿ ತಿಳಿಯಾಗುವ ತನಕವೂ ಕಾಯುತ್ತಿರಲಿಲ್ಲ. ಒಂದು ದಿನ ನಾನು ಚಿಪ್ಪು ಕಸಿದುಕೊಂಡೆ. ಆಕೆ ನನ್ನ ಮುಖ ನೋಡಿದಳು.

"ಅಂವ ಒಂದ್ ಹನಿಗೆ ಹೋದ. ನಾ ದಿನಾ ಕೊಡಗಟ್ಲೆ ಕುಡಿಯಾಕತ್ತೇನಿ. ನನಗ್ಯಾಕ ಏನೂ ಆಗವಲ್ದು ಬೇ?"

ಆಕೆಯನ್ನು ಅಪ್ಪಿಕೊಂಡು ನಾನು ಅಲ್ಲೇ ಉಸುಕಿನಲ್ಲಿ ಅತ್ತೆ, ಆಕೆ ಅಳಲಿಲ್ಲ.

ಆ ನೀರು ಆಕೆಗೆ ಕೊನೆತನಕ ಏನೂ ಮಾಡಲಿಲ್ಲ. ಒಂದು ಚಳಿಗಾಲ ಎದೆನೋವೆಂದು ಮಲಗಿದವಳು ಏಳಲಿಲ್ಲ. ಮಗಳು ಮಣ್ಣಿಗೆ ಬಂದಳು, ಅಂಗಳದಲ್ಲೇ ಕೂತು ಅತ್ತಳು, ಒಳಗೆ ಕಾಲಿಡದೆ ಸಂಜೆಗೇ ಗಂಡನ ಜೊತೆ ಹೊರಟುಹೋದಳು. ಎಂಥ ಕಲ್ಲೆದೆ ಎಂದು ನಾವೆಲ್ಲ ಬೈದುಕೊಂಡೆವು. ನಾನು ಎಲ್ಲರಿಗಿಂತ ಹೆಚ್ಚೇ ಬೈದೆ.

ಈ ವರ್ಷ ಜೇವರ್ಗಿಯಲ್ಲಿ ಒಂದು ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲಿ ಮಾವಶಿಯ ಮಗಳು ನನ್ನ ಪಕ್ಕಕ್ಕೇ ಬಂದು ಕೂತಳು. ಸೊರಗಿದ್ದಳು. ನಾನು ಮುಖ ತಿರುಗಿಸಿದರೂ ಕೈ ಹಿಡಿದುಕೊಂಡಳು. ಕೂಸಿನ ಮಾತು ತಾನಾಗೇ ಬಂತು.

"ಅದರ ಎದ್ಯಾಗ ಹುಟ್ಟುತ್ತಾನ ತೂತಿತ್ತು ವೈನಿ. ಉಳ್ಯಾಂಗಿಲ್ಲ ಅಂತ ಡಾಕ್ಟ್ರು ಆಸ್ಪತ್ರಿಗೆ ಹೋದ ದಿನಾನ ಹೇಳಿದ್ರು."

ನಾನು ತುತ್ತನ್ನು ಎಲೆಗಿಟ್ಟು ಆಕೆಯ ಕಡೆ ತಿರುಗಿದೆ.

"ಅವ್ವಗ ಹೇಳಿದ್ದ್ಯಾ?"

"ಇವ್ರು ಹೇಳ್ಯಾರಂತ ತಿಳಕೊಂಡಿದ್ನಿ. ನನಗ ಆ ಮನಿ ಹೊಸ್ತಿಲಾ ದಾಟಾಕ ಕಾಲೇ ಬರ್ಲಿಲ್ಲ ವೈನಿ. ಒಳಗ ತೊಟ್ಟಿಲಾ ಕಟ್ಟಿದ್ದ ಜಂತಿ ಅದ..." ಕಣ್ಣೊರೆಸಿಕೊಂಡು ಕೇಳಿದಳು. "ಅವ್ವ ಕಡೀಕ ಬರೇ ಹಳ್ಳದ ನೀರ ಕುಡೀತಿದ್ಳಂತ. ಮನ್ಯಾಗ ನಳ ಇತ್ತಲ್ಲ, ಯಾಕ ವೈನಿ?"

"ರೂಢಿ ಇತ್ತಲ್ಲವ್ವಾ, ಅದಕ್ಕ" ಅಂದೆ. ಇನ್ನೇನು ಹೇಳಲಿ? ಇದ್ದದ್ದನ್ನು ಹೇಳಿ ಆಕೆಯನ್ನೂ ಕೊಲ್ಲಲೇ?

ಇವತ್ತು ಬೆಳಿಗ್ಗೆ ಮಾವಶಿಯ ಹಿತ್ತಲಿಗೆ ನೇರವಾಗಿ ಹಳ್ಳದ ಮೇಲೆ ಕಾಂಕ್ರೀಟ್ ಹಲಗೆಗಳನ್ನು ಕೂರಿಸಿದರು. ಮಧ್ಯಾಹ್ನದೊಳಗೆ ಅದರ ಮೇಲೆ ಮೋಟಾರ್ ಸೈಕಲ್ ನಿಂತವು. ಓಣಿಯವರು ಖುಷಿಯಾಗಿದ್ದಾರೆ. ಕೂಸಿನ ಜೀವ ತೆಗೆದ ಹಳ್ಳ, ಮುಚ್ಚಿದ್ದು ಚಲೋ ಆಯಿತು ಎಂದು ಒಬ್ಬಳು ಅಂದಳು. ನನಗೆ ತಡೆಯಲಿಲ್ಲ. ಅಲ್ಲ, ಅದು ನೀರಿನಿಂದ ಹೋದ ಕೂಸಲ್ಲ ಎಂದು ನಡುಬೀದಿಯಲ್ಲಿ ನಿಂತು, ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಹೇಳಿದೆ. ದನಿ ಎಷ್ಟು ಏರಿತ್ತೋ, ಮುಂದೆ ಹಲಗೆ ಕೂರಿಸುತ್ತಿದ್ದವರೂ ಕೆಲಸ ನಿಲ್ಲಿಸಿ ನೋಡಿದರು.

"ಹೋಗ್ಲಿ ಬಿಡ್ರಿ, ಈಗೇನದ" ಅಂದಳು ಮೊದಲು ಮಾತೆತ್ತಿದವಳು.

ಹೌದು, ಈಗೇನೂ ಇಲ್ಲ. ಆ ಮಾತು ಕೇಳಿದ್ದರೆ ಬದುಕುತ್ತಿದ್ದ ಜೀವ ಒಂದೇ ಇತ್ತು. ಅದಕ್ಕೆ ಮಾತ್ರ ಯಾರೂ ಹೇಳಲಿಲ್ಲ.