ತಪ್ಪ ತಗಿಯೂ ಇಮಾಮಸಾಬ ಕಾಕಾ

ಇಮಾಮಸಾಬ ಕಾಕಾ ಯಾವ ಮಾಡೆಲ್ ಗಾಡಿ ಕೈಯಾಗ ಕೊಟ್ರೂ ಮದ್ಲ ಅದನ್ನ ಬೋರಲ ಹೊರಳಸ್ತಿದ್ದ. ನೀವು ಎರಡ ತಿಂಗಳ ಕುಂತು, ಕಣ್ಣಾಗ ನೀರ ಬರೂತನಕ ಬಣ್ಣಾ ಹಚ್ಚಿ, ತೋಪಿನ ತುದಿಗೆ ಹೊಗಿ ಹಿಡದ ಕಪ್ಪನೂ ತೀಡಿ ತಂದ ಇಟ್ಟಿರ್ತೀರಿ. ಆ ಮನಶ್ಯಾ ಮ್ಯಾಲ ನೋಡೂದ ಇಲ್ಲ. ಅಂಗೈಯಷ್ಟ ಮಿಲಿಟ್ರಿ ಟ್ಯಾಂಕನ್ನ ಕೋಳಿ ಹಿಡದಂಗ ಹಿಡದು, ಹೊಟ್ಟಿ ಮ್ಯಾಲ ಮಾಡಿ, ಕನ್ನಡಕದ ಕೆಳಗಿಂದ ನೋಡಾಂವ.

"ಮ್ಯಾಲ ಎಲ್ಲಾರೂ ಸುಣ್ಣಾ ಬಣ್ಣಾ ಮಾಡ್ತಾರಪಾ. ಮನಿ ನೋಡಬೇಕಂದ್ರ ಹಿತ್ತಲದಾಗ ಹೋಗಬೇಕು," ಅಂತಿದ್ದ.

ನನ್ನ ಮೊದಲನೇ ಟ್ಯಾಂಕಿನ ಹೊಟ್ಟಿಗೆ ನಾ ಬಣ್ಣಾನ ಹಚ್ಚಿದ್ದಿಲ್ಲ. ಯಾರ ನೋಡ್ತಾರ ಅಂತ ಬಿಟ್ಟಿದ್ದೆ. ಇಂಥಾದೊಂದ ಪ್ರಾಣಿ ಗದಗಿನ್ಯಾಗ ಐತಿ ಅಂತ ನನಗೇನ ಕನಸ ಬಿದ್ದಿತ್ತೇನ್ರಿ?

ನಾವು ಬೆಟಗೇರಿ ನೇಕಾರ ಮಂದಿ. ಅಪ್ಪನ ಕಾಲಕ್ಕ ಮನ್ಯಾಗ ಎರಡ ಮಗ್ಗ ಇದ್ವು, ನನ್ನ ಕಾಲಕ್ಕ ಎರಡ ಝೆರಾಕ್ಸ್ ಮಶೀನ್ ಅದಾವ. ನಲವತ್ತ ದಾಟಿದ ಮ್ಯಾಲ ಮಂದಿ ವಾಕಿಂಗ್ ಹಚ್ಚಗೋತಾರ, ಯೋಗಾ ಹಚ್ಚಗೋತಾರ. ನಾ ಪ್ಲಾಸ್ಟಿಕ್ ತುಂಡ ತರಿಸಿ, ಅಂಟಿಸಿ, ಮಿಲಿಟ್ರಿ ಗಾಡಿ ಮಾಡೂ ಹುಚ್ಚ ಹಚ್ಚಿಕೊಂಡೆ. "ಮಗಾ ಕಾಲೇಜಿಗೆ ಹೋಗ್ತಾನ, ಅಪ್ಪ ಮನ್ಯಾಗ ಟ್ಯಾಂಕ್ ಆಡ್ತಾನ," ಅಂತ ನನ್ನ ಹೇಣ್ತಿ ಓಣಿ ತುಂಬ ಹೇಳ್ಯಾಳ. ಫೋಟೋ ಹಾಕಿದ್ರ ಫೇಸ್‌ಬುಕ್ಕಿನ್ಯಾಗ ಎಲ್ಲಾರೂ ಸೂಪರ್ ಅಣ್ಣಾ, ಸೂಪರ್ ಅಣ್ಣಾ ಅಂತಿದ್ರು. ನಾ ಖರೇನ ಸೂಪರ್ ಅಂತ ತಿಳಕೊಂಡಿದ್ದೆ.

ಕಾಕಾ ಮಿಲಿಟ್ರಿಯೊಳಗ ಇಪ್ಪತ್ತ ವರ್ಷ ಗಾಡಿ ರಿಪೇರಿ ಮಾಡಿ ಬಂದಾಂವ. ರಿಟೈರ್ ಆದ ಮ್ಯಾಲ ಬೆಟಗೇರಿಯೊಳಗ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿದ್ದ. ಒಂದಿನ ಪೆನ್ಶನ್ ಕಾಗದ ಝೆರಾಕ್ಸ್ ಮಾಡಸಾಕ ನನ್ನ ಅಂಗಡಿಗೆ ಬಂದಾಂವ, ಕೌಂಟರ್ ಮ್ಯಾಲಿನ ಟ್ಯಾಂಕ್ ನೋಡಿದ. ನೋಡಿದಾಂವನ ಹೊರಳಿಸಿದ.

"ಯಾರ ಮಾಡ್ಯಾರಿದನ್ನ?"

"ನಾನ ರೀ ಕಾಕಾ," ಎದಿ ಉಬ್ಬಿಸಿ ಅಂದೆ.

"ಎಲ್ಲಿ ಓಡಿದ ಗಾಡಿ?"

"ರಾಜಸ್ಥಾನದಾಗ ರೀ. ಮರುಭೂಮಿ."

ಗಾಲಿಗೆ ಹತ್ತಿದ್ದ ಮಣ್ಣ ಉಗುರಿಲೆ ಕೆರದು ಬೆಳಕಿಗೆ ಹಿಡದ. ಆ ಮಣ್ಣ ನಾನ ಅಂತೂರ-ಬೆಂತೂರಿನ ಗೆಳ್ಯಾನ ಹೊಲದಿಂದ ತಂದು, ಸೋಸಿ, ಅಂಟಿನ್ಯಾಗ ಕಲಸಿ ಹಚ್ಚಿದ್ದೆ. ಅಗದಿ ಒರಿಜಿನಲ್ ಕಾಣ್ಲಿ ಅಂತ.

"ಲೇ ತಮ್ಮಾ, ಇದು ಕರೀ ಎರಿ ಮಣ್ಣು. ರಾಜಸ್ಥಾನದ ಉಸುಕಿನ್ಯಾಗ ಎರಿ ಎಲ್ಲಿಂದ ಬಂತು? ನಿನ್ನ ಟ್ಯಾಂಕ್ ಕಡ್ಲಿ ಬಿತ್ತಾಕ ಹೋಗಿತ್ತೇನು?"

ಆಧಾರ್ ಕಾರ್ಡ್ ಹಿಡಕೊಂಡ ನಿಂತಿದ್ದ ಗಿರಾಕಿಗೋಳೆಲ್ಲಾ ಹೋ ಅಂತ ನಕ್ಕರು. ಕಾಕಾ ನಿಲ್ಲಸ್ಲಿಲ್ಲ. "ಈ ಗಾಲಿ ಮ್ಯಾಲಿನ ಸರಪಳಿ ಹೊರಸಿಗೆ ಹಗ್ಗಾ ಬಿಗದಂಗ ಬಿಗದಿ. ಕಬ್ಬಣಲೇ ಅದು, ತನ್ನ ವಜ್ಜಿಗೆ ತಾನ ಜೋತ ಬೀಳಬೇಕು. ಮತ್ತ ಇಷ್ಟ ತುಕ್ಕಿನ ಬಣ್ಣಾ? ನನ್ನ ಗಾಡಿಗೆ ಇಷ್ಟ ತುಕ್ಕ ಹಿಡದಿದ್ರ ನಮ್ಮ ಸಾಹೇಬ ನನ್ನ ತುಕ್ಕ ಬಿಡಸ್ತಿದ್ದ."

ಝೆರಾಕ್ಸ್ ತಗೊಂಡು ಹೋದ. ಎರಡ ದಿನ ಮನ್ಯಾಗ ಅಂವಗ ಬೈಕೋತ ಅಡ್ಡಾಡಿದೆ. ಮೂರನೇ ದಿನ ಟ್ಯಾಂಕ್ ಶೂ ಡಬ್ಬ್ಯಾಗ ಇಟ್ಕೊಂಡು ಅಂವನ ಗ್ಯಾರೇಜಿಗೆ ಹೋದೆ. ಯಾಕಂದ್ರ ಖರೆ ಹೇಳಿದ್ದ ನೋಡ್ರಿ, ಹಡಸಿಮಗಾ ಅನ್ನಾಕೂ ಬರೂದಿಲ್ಲ.

ಆ ಗ್ಯಾರೇಜಿನ್ಯಾಗ ಒಂದ ಕಾಯ್ದೆ ಇತ್ತು. ಚಾ ತರಸ್ತಿದ್ದ, ಕಪ್ಪಿನ ಮ್ಯಾಲ ಬಸಿ ಮುಚ್ಚತಿದ್ದ. "ಮದ್ಲ ನೀನ ಮೂರ ತಪ್ಪ ಹೇಳು. ಆಮ್ಯಾಲ ಚಾ. ಆಮ್ಯಾಲ ನಾ ಹೇಳ್ತೇನಿ." ಮೊದಲನೇ ಸಲ ನಾ ಮೂರು ತಪ್ಪ ಹೇಳೂದ್ರಾಗ ಚಾ ಆರಿ, ಕೆನಿಗಟ್ಟಿ, ಅದ್ರಾಗ ಒಂದ ನೊಣಾ ಬಿದ್ದು ಈಸಾಡಾಕತ್ತಿತ್ತು.

"ಮಾಡಿದಾಂವಗ ತನ್ನ ತಪ್ಪ ಎಲ್ಲೈತಿ ಅಂತ ಗೊತ್ತಿರತೈತಿ ಈರಣ್ಣಾ. ಮಂದಿಗೆ ಕಾಣಬಾರ್ದಂತ ಗ್ವಾಡಿ ಕಡೆ ತಿರಿವಿ ಇಟ್ಟಿರ್ತಾನ. ಅದನ್ನ ಅಂವನ ಬಾಯಿಂದನ ಕಕ್ಕಸಬೇಕು. ನಾ ಹೇಳಿದ್ರ ಜಗಳ ಆಗತೈತಿ, ನೀ ಹೇಳಿದ್ರ ಕೆಲಸ ಆಗತೈತಿ."

ಹಿಂಗ ಎರಡ ವರ್ಷ ಬೈಸಿಕೊಂಡು ನಾ ಶಾಣ್ಯಾ ಆದೆ. ಶಾಣ್ಯಾ ಆದಾಂವ ಸುಮ್ನ ಇರ್ತಾನೇನ್ರಿ? ಮಂದೀಗೆ ಕಲಸಾಕ ಹೊಂಟೆ.

ನಮ್ಮ ಕಡೆ ಈ ಹುಚ್ಚ ಇದ್ದ ಮಂದೀದೊಂದ ವಾಟ್ಸಾಪ್ ಗ್ರೂಪ್ ಐತಿ. ಅದ್ರಾಗ ಲಕ್ಷ್ಮೇಶ್ವರದ ಒಬ್ಬ ಮಾಸ್ತರ ತಾನ ಮಾಡಿದ ಮೊದಲನೇ ಜೀಪಿನ ಫೋಟೋ ಹಾಕಿದ. ನಾ ಬರದೆ: "ಮಾಸ್ತರ, ಇದು ಜೀಪೋ, ಸೋಪಿನ ಡಬ್ಬಿಗೆ ಗಾಲಿ ಹಚ್ಚೀರೋ?" ಗ್ರೂಪಿನ ಮಂದಿ ಬಿದ್ದ ಬಿದ್ದ ನಕ್ಕರು. ಮಾಸ್ತರ ಗ್ರೂಪ್ ಬಿಟ್ಟ ಹೋದ. ಕಾಕಾಗ ಶಬಾಶ್ ಅನ್ನಸ್ಕೊಬೇಕಂತ ಓಡಿ ಹೋಗಿ ಮೊಬೈಲ್ ತೋರಿಸಿದೆ.

ಕಾಕಾ ನಗಲಿಲ್ಲ. "ಇದ್ರಾಗ ತಪ್ಪ ಎಲ್ಲಿ ಹೇಳಿ?"

"ಸೋಪಿನ ಡಬ್ಬಿ ಅಂದೇನಲ್ರಿ."

"ಅಂದಿ. ಈಗ ಅಂವ ಏನ ಸುಧಾರಸಬೇಕು? ಗಾಲಿ ಸಣ್ಣದಾತೋ, ಗಾಜ ದಪ್ಪ ಆತೋ, ಮೂತಿ ಗಿಡ್ಡ ಆತೋ? ಪಾನಾ ಯಾವ ಬೋಲ್ಟಿಗೆ ಹಾಕಬೇಕಂತ ತೋರಸಲಾರದ ಗಾಡಿ ಕೆಟ್ಟೈತಿ ಅನ್ನಾಂವ ಮೆಕ್ಯಾನಿಕ್ ಅಲ್ಲಲೇ, ಹಾದ್ಯಾಗ ಹೋಗೂ ದನಾ."

"ಚ್ಯಾಷ್ಟಿಗೆ ಅಂದೇನ್ರಿ ಕಾಕಾ..."

"ತಪ್ಪ ಹೇಳಿದ್ರ ಅಂವ ಗಾಡಿ ರಿಪೇರಿ ಮಾಡ್ತಾನ. ಮಾನ ತಗದ್ರ ಗಾಡಿ ಕಪಾಟಿನ್ಯಾಗ ಹಾಕಿ ಕೀಲಿ ಹಾಕ್ತಾನ. ನಡಿ, ಐತ್ವಾರ ಲಕ್ಷ್ಮೇಶ್ವರಕ್ಕ ಹೋಗೂನು."

ಹೋದ್ವಿ. ಬಸ್ಸಿನ್ಯಾಗ ಕಾಕಾ ಕಿಡಕಿ ಕಡೆ ಕುಂತು ನಿದ್ದಿ ಹೊಡದ. ನಾ ಮಾತ್ರ ಮದವಿ ಮುರಕೊಂಡ ಬೀಗರ ಮನಿಗೆ ಹೊಂಟಾಂವನಂಗ ಕುಂತಿದ್ದೆ. ಮಾಸ್ತರ ಪಾಪ, ಗಿರಮಿಟ್ ಮಾಡಿಸಿ ತಿನ್ನಿಸಿದ. ಕಾಕಾ ನನ್ನ ಬೆನ್ನಿಗೆ ತಿವದ. ತಪ್ಪಾತ್ರಿ ಅಂದು, ಗಾಲಿ ಎಷ್ಟ ದೊಡ್ಡದಾಗಬೇಕು, ಗಾಜಿಗೆ ಯಾವ ತೆಳು ಹಾಳಿ ಬಳಸಬೇಕು, ಒಂದೊಂದ ತೋರಿಸಿದೆ. ಈಗ ಆ ಮಾಸ್ತರ ನನಗಿಂತ ಚೊಲೊ ಜೀಪ್ ಮಾಡ್ತಾನ. ಅದೊಂದ ಬ್ಯಾರೆ ಸಂಕಟ.

ಆ ಪಾಠ ನಾ ಬೇಕಾದ್ದಕ್ಕಿಂತ ಹೆಚ್ಚ ಕಲತೆ ಕಾಣಸತೈತಿ.

ಕಾಕಾಗ ಸಕ್ಕರಿ ಬ್ಯಾನಿ. ಅದು ಕಣ್ಣಿಗೆ ಇಳೀತು. ದಿನಾ ಹೋದಂಗ ಮಬ್ಬ ಆಗೂದ ಅಂತ ಡಾಕ್ಟರ್ ಹೇಳಿಬಿಟ್ರು. ಗ್ಯಾರೇಜ್ ಮುಚ್ಚಿದ. ಅವಾಗ ತಾನೂ ಒಂದ ಗಾಡಿ ಮಾಡಾಕ ಕುಂತ. ಮಿಲಿಟ್ರಿಯೊಳಗ ತಾ ನೋಡಿಕೊಂಡಿದ್ದ ಟ್ರಕ್ಕು. ಪ್ಲಾಸ್ಟಿಕ್ ಅಲ್ಲ, ತಗಡ ಕತ್ತರಿಸಿ, ಕಟಗಿ ಕೆತ್ತಿ. "ಕಣ್ಣ ಪೂರಾ ಹೋಗೂದ್ರಾಗ ಇದೊಂದ ಸರಿ ಆಗಬೇಕು ಈರಣ್ಣಾ. ವರ್ಷಾನಗಟ್ಟಲೆ ಅದರ ಕೆಳಗ ಮಲ್ಕೊಂಡೇನಿ. ತಪ್ಪ ಮಾಡಿಟ್ರ ಗಾಡಿ ನನಗ ಬೈತೈತಿ."

ಒಂದ ವರ್ಷ ಹಿಡೀತು. ಮುಗಿದ ದಿನ ನನ್ನ ಕರಸಿದ. ಮುಂದಿಟ್ಟ. "ಹೇಳು."

ನೋಡಿದೆ. ಹಿಂದಿನ ಗಾಲಿ ಕುಡದಾಂವನ ಕಾಲಿನಂಗ ಸೊಟ್ಟಾಗಿದ್ವು. ಮುಂದಿನ ಎರಡ ದೀಪದಾಗ ಒಂದ ಮುಗಲ ನೋಡ್ತಿತ್ತು, ಒಂದ ನೆಲಾ ನೋಡ್ತಿತ್ತು. ಎಡಗಡಿ ಬಾಗಲಾನ ಇರಲಿಲ್ಲ. ಕಾಕಾನ ಬೆರಳ ನೋಡಿದೆ, ತಗಡ ಹೆರದ ಗಾಯ. ನನ್ನ ಮಾರಿ ಎಲ್ಲೈತಿ ಅಂತ ಅಂದಾಜಿಲೆ ನೋಡಾಕತ್ತಿದ್ದ.

"ಭಾರೀ ಆಗೈತ್ರಿ ಕಾಕಾ. ಒಂದೂ ತಪ್ಪಿಲ್ಲ."

"ಒಂದೂ?"

"ಒಂದೂ ಇಲ್ರಿ."

ಗಾಡೀನ ತನ್ನ ಕಡೆ ಎಳಕೊಂಡ. ಆಮ್ಯಾಲ, "ಮನಿಗೆ ನಡಿ," ಅಂದ. "ನನಗ ಕಾಣೂದಿಲ್ಲ ಅಂತ ನಿನ್ನ ಕಣ್ಣ ಎರವಲ ಕೇಳಿದ್ನೆಪಾ. ನೀನೂ ಕಣ್ಣ ಮುಚ್ಚಿದಿ. ನಡಿ."

ಬೈದಿದ್ರ ಚೊಲೊ ಇತ್ತು. ಮುಂಜಾನೆದ್ದು ಅಂಗಡಿ ಬಾಗಲಾ ಸೈತ ತಗೀಲಿಲ್ಲ, ಸೀದಾ ಅಂವನ ಮನಿಗೆ ಹೋದೆ. "ಹನ್ನೊಂದ ತಪ್ಪ ಅದಾವ್ರಿ," ಅಂದೆ.

"ಹನ್ನೊಂದಾ? ನಾ ಆರೇಳು ಇದ್ದಾವು ಅನಕೊಂಡಿದ್ದೆ. ಸೂಳಿಮಗನ, ಕುಂಡ್ರು," ಅಂದ. ಮಾರಿ ಅರಳಿತ್ತು.

ಒಂದೊಂದ ತಪ್ಪಿನ ಮ್ಯಾಲೂ ಅಂವನ ಹೆಬ್ಬೆಟ್ಟ ಹಿಡದು ಇಡ್ತಿದ್ದೆ. ಮುಟ್ಟಿ ನೋಡಿ, ಬಿಚ್ಚಿ, ಮತ್ತ ಕುಂಡರಸ್ತಿದ್ದ. "ಎಡಕ್ಕ ರೀ. ಇನ್ನೊಂದ ಕೂದಲಷ್ಟ. ಸಾಕ್ ಸಾಕ್, ಮುಂದ ಹೋತು." "ಒದರಬ್ಯಾಡಲೇ, ಕಣ್ಣ ಹೋಗ್ಯಾವ, ಕಿವಿ ಅದಾವ." ಹಿಂಗ ಒಂದ ತಿಂಗಳ. ಹತ್ತ ತಪ್ಪ ಮುಗದ್ವು. ಹನ್ನೊಂದನೇದು ಬಾಗಲಾ.

"ಎಡಗಡಿ ಬಾಗಲಾ ಮರತೀರಿ ಕಾಕಾ."

"ಅದು ತಪ್ಪಲ್ಲ."

"ಟ್ರಕ್ಕಿಗೆ ಬಾಗಲಾ ಇಲ್ಲದಿದ್ರ ಹೆಂಗ್ರಿ?"

ಬೀಡಿ ಹಚ್ಚಿದ. "ಗುಡ್ಡದ ರಸ್ತಾದಾಗ ನಮ್ಮ ಮುಂದಿನ ಗಾಡಿ ಉರುಳಿ ಕೆಳಗ ಬಿತ್ತು. ಅದ್ರಾಗ ಇದ್ದಾಂವ ನನ್ನ ಖಾಸ್ ದೋಸ್ತ. ಬೆನ್ನಿಗೆ ಪೆಟ್ಟ ಬಿದ್ದಿತ್ತು, ಹೆಗಲ ಮ್ಯಾಲ ಹೊರೂಹಂಗಿಲ್ಲ. ಬೋಲ್ಟ್ ಬಿಚ್ಚಿ ನನ್ನ ಟ್ರಕ್ಕಿನ ಈ ಬಾಗಲಾ ತಗದೆ. ಅದರ ಮ್ಯಾಲ ಮಲಗಿಸಿ ಹೊತ್ತ ತಂದ್ವಿ."

"ಬದಕಿದ್ನೇನ್ರಿ?"

"ಬದಕದ ಏನ ಮಾಡ್ತಾನ? ಈಗೂ ಪ್ರತಿ ಈದಿಗೆ ಫೋನ್ ಹಚ್ಚಿ ಬೈತಾನ, ನಿನ್ನ ಬಾಗಲದ ಹಿಡಿಕಿ ದಾರಿ ತುಂಬ ಬೆನ್ನಾಗ ಚುಚ್ಚಿತು ಅಂತ." ನಕ್ಕು ನಕ್ಕು ಕೆಮ್ಮಿದ. "ಬಾಗಲಾ ಹಚ್ಚಿದ್ರ ಇದು ಯಾರದರ ಗಾಡಿ ಆಗತೈತಿ ಈರಣ್ಣಾ. ಹಚ್ಚಲಿಲ್ಲಂದ್ರ ನಂದು."

ಆಮ್ಯಾಲ ಮುಂಡರಗಿಗೆ ಮಗಳ ಮನಿಗೆ ಹೋದ. ಗಾಡೀನೂ ಒಯ್ದ. ಎಂಟ ತಿಂಗಳಿಗೆ ತೀರಿಕೊಂಡ ಅಂತ ಖಬರ ಬಂತು. ನಾ ಊರಾಗ ಇರಲಿಲ್ಲ, ಮಣ್ಣಿಗೆ ಹೋಗಾಕ ಆಗ್ಲಿಲ್ಲ.

ಹ್ವಾದ ತಿಂಗಳ ಮುಂಡರಗಿಗೆ ಹೋಗಿದ್ದೆ. ಮಗಳು ಶಮೀಮ ಚಾ ಕೊಟ್ಟಳು. ಶೋಕೇಸಿನ್ಯಾಗ ನಟ್ಟನಡುವ ಕಾಕಾನ ಟ್ರಕ್ಕು. ಎಡಗಡಿ ಬಾಗಲಾ ಹಚ್ಚೈತಿ.

ಅಳಿಯಾ ಖುಷೀಲೆ ಕಪಾಟ ತಗದ. "ಬಾಗಲಾ ಒಂದ ಬಿದ್ದ ಹೋಗಿತ್ರಿ. ಮಾವಾರಿಗೆ ಕಣ್ಣ ಕಾಣ್ತಿರಲಿಲ್ಲ, ಪಾಪ. ಅವರ ಹ್ವಾದ ಮ್ಯಾಲ ನಾನ ತಗಡ ಕತ್ತರಿಸಿ ಮಾಡಿ ಅಂಟಿಸೇನಿ. ನೀವು ಈ ಕೆಲಸ ಬಲ್ಲವ್ರು, ಹೇಳ್ರಿ, ಹೆಂಗಾಗೈತಿ?"

ಬಾಯಾಗ ಬಂದಿತ್ತು, ಭಾರೀ ಆಗೈತ್ರಿ ಅಂತ. ಚಾ ಗುಟುಕಿನ ಜೊತಿ ನುಂಗಿದೆ.

"ಕೆಲಸ ನೆಟ್ಟಗೈತ್ರಿ. ಅಳತಿ ಸರಿ ಐತಿ, ಬಣ್ಣಾನೂ ಕೂಡೈತಿ. ಆದ್ರ ಆ ಬಾಗಲಾ ಅಲ್ಲಿ ಇರಬಾರ್ದ್ರಿ," ಅಂದೆ. ಯಾಕ ಅನ್ನೂದನ್ನೂ ಹೇಳಿದೆ. ಗುಡ್ಡಾ, ದೋಸ್ತ, ಈದಿನ ಫೋನ್, ಎಲ್ಲಾ.

ಶಮೀಮ ಸೆರಗ ಬಾಯಿಗೆ ಹಿಡದು ನಿಂತಳು. "ಅಬ್ಬಾ ನಮ್ಮ ಮುಂದ ಒಮ್ಮೀನೂ ಹೇಳಿಲ್ರಿ," ಅಂದಳು.

ಅಳಿಯಾ ಒಳಗ ಹೋಗಿ ಬ್ಲೇಡ್ ತಂದ. ನಿಧಾನ ಎಬ್ಬಿಸಿ ಬಾಗಲಾ ಬಿಡಿಸಿದ. ಅದನ್ನ ಎಲ್ಲಿಡಬೇಕಂತ ತಿಳೀಲಾರದ ಸ್ವಲ್ಪ ಹೊತ್ತ ಕೈಯಾಗ ಹಿಡಕೊಂಡು ನಿಂತ. ಆಮ್ಯಾಲ ಗಾಡಿ ಮುಂದ, ಶೋಕೇಸಿನ ಹಲಗಿ ಮ್ಯಾಲ ಮಲಗಿಸಿ ಇಟ್ಟ.

"ಹಿಂಗಿಡ್ಲೇನ್ರಿ?"

ನಾ ಬಗ್ಗಿ ನೋಡಿದೆ.

"ಹಿಡಿಕಿ ಮ್ಯಾಲ ಬರೂಹಂಗ ಇಡ್ರಿ," ಅಂದೆ. "ಬೆನ್ನಿಗೆ ಚುಚ್ಚಬೇಕದು."