ಫೋಟೊ ಕೆಳಗಿನ ಸಾಲು

ಕುಣಿಗಲ್‌ನ ಫೋಟೊ ಸ್ಟುಡಿಯೊ ಒಂದರ ಮಾಲೀಕರು, ಯಾರು ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಅದಿರ್ಲಿ, ಬೇಕಾದಾಗ ಸಿಗ್ತೈತಾ?" ಅನ್ನುತ್ತಿದ್ದರು. ಡಿಜಿಟಲ್ ಕ್ಯಾಮೆರಾ ಕೊಂಡ ಎರಡೇ ವರ್ಷಕ್ಕೆ ಅವರ ಕಂಪ್ಯೂಟರಿನಲ್ಲಿ ಮದುವೆ ಫೋಟೊಗಳು ರಾಶಿ ಬಿದ್ದಿದ್ದವು. ಅವನ್ನು ಜೋಡಿಸಿಡುವ ಸಾಫ್ಟ್‌ವೇರ್ ಆರಿಸಲು ತುಮಕೂರಿಗೆ ಹೊರಟಾಗ, ಚೌಕಾಸಿಗೆಂದು ನನ್ನನ್ನೂ ಕರೆದೊಯ್ದರು. ಪ್ರತಿ ಫೋಟೊ ಕೆಳಗೂ ಉದ್ದಕ್ಕೆ ಬರೆಯಲು ಜಾಗವಿದ್ದದ್ದನ್ನೇ ನಾನು ಅರ್ಧ ಬೆಲೆಗೆ ಇಳಿಸಿ ಕೊಡಿಸಿದೆ. "ಹೆಸ್ರು ಮರ್ತೋಗ್ತೈತೆ, ಗುರುತು ಬರೀರಿ," ಎಂದು ಸಲಹೆಯನ್ನೂ ಬಿಟ್ಟಿ ಕೊಟ್ಟೆ.

ಮುಂದಿನ ತಿಂಗಳು ಮಾರ್ಕೋನಹಳ್ಳಿ ಕಡೆಯ ಯಜಮಾನರೊಬ್ಬರು ಮಗಳ ಮದುವೆ ಫೋಟೊಗೆ ಮಾತಾಡಲು ಬಂದರು. ಸ್ಟುಡಿಯೊಗೆ ಆ ವರ್ಷದ ದೊಡ್ಡ ಕೆಲಸ ಅದು. ನಾನೂ ಅಲ್ಲೇ ಕೂತಿದ್ದೆ.

"ನಮ್ಮಕ್ಕನ ಮಗನ ಮದ್ವೇಲಿ ನಂದು ಹೆಂಗ್ ತೆಗ್ದಿದೀಯ ತೋರ್ಸು. ಆಮೇಲೆ ಮಾತು."

ಮಾಲೀಕರು ನಾಲ್ಕು ಅಕ್ಷರ ಒತ್ತಿದರು. ಫೋಟೊ ಬಂತು. ಅದರ ಕೆಳಗೆ, 'ಪಾಯಸ ಬರಲಿಲ್ಲವೆಂದು ಎಲೆ ಬಿಟ್ಟು ಎದ್ದ ಸೋದರಮಾವ' ಎಂದಿತ್ತು. ನಾನು ಬಾಗಿಲ ಕಡೆ ನೋಡಿದೆ.

"ಯಾರಯ್ಯ ಇದ್ನ ಬರ್ದೋನು?"

"ನಾನೇ ಕಣಣ್ಣ." ಕನ್ನಡಕ ಹಣೆಗೇರಿತು. "ಬೇಕಾದಾಗ ಸಿಕ್ತಲ್ಲ?"

ಯಜಮಾನರು ಅದನ್ನು ಇನ್ನೊಮ್ಮೆ ಓದಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮದ್ವೆ ನಿಂದೇ ಬುಡು. ಈಗ ನಮ್ ಭಾವನ್ ಕೆಳ್ಗೆ ಏನ್ ಬರ್ದಿದೀಯ, ಅದ್ನ ತೋರ್ಸು."